ವಿಭೂತಿ ಹಚ್ಚಿದ ಮೂರನೇ ಬೇಸ್

ಮುದ್ದೇನಕೊಪ್ಪದ ಸರ್ಕಾರಿ ಪ್ರೌಢಶಾಲೆಯ ಮೈದಾನದಲ್ಲಿ ಗುರುವಾರ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ, ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ಬಲಗಾಲು ಒಂದು ಬಿಳಿ ಚೀಲದ ಮೇಲೆ ಬೀಳಬೇಕಾದದ್ದು ಬೀಳಲಿಲ್ಲ. ಕಾಲಿಗೂ ಚೀಲಕ್ಕೂ ನಡುವೆ ಉಳಿದ ಅಂತರ ನಾಲ್ಕು ಬೆರಳು ಎಂದು ಕಣ್ಣಾರೆ ಕಂಡವರು ತಿಳಿಸಿದ್ದಾರೆ. ಪ್ರಾಣಹಾನಿಯಾಗಿಲ್ಲ. ಚೀಲವೂ ಕ್ಷೇಮವಾಗಿದೆ. ಊರಿನಲ್ಲಿ ಪರಿಸ್ಥಿತಿ ಶಾಂತವಾಗಿದೆ. ಆದರೆ ಆ ಶಾಲೆಯ ದೈಹಿಕ ಶಿಕ್ಷಕರಾದ ವಿರೂಪಾಕ್ಷಪ್ಪ ಕಡಕೋಳ ಅವರ ಹತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಇಷ್ಟು ದುಬಾರಿಯಾದ ನಾಲ್ಕು ಬೆರಳು ಇನ್ನೊಂದಿರಲಿಲ್ಲ.

ಆಟದ ಹೆಸರು ಸಾಫ್ಟ್‌ಬಾಲ್. ನೋಡದವರಿಗೆ ಇಷ್ಟು ತಿಳಿದರೆ ಸಾಕು. ಮೈದಾನದಲ್ಲಿ ನಾಲ್ಕು ಮೂಲೆ. ಚೆಂಡು ಹೊಡೆದವಳು ಒಂದನೇದು, ಎರಡನೇದು, ಮೂರನೇದು ಎಂದು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಮೂರು ಮೂಲೆಗಳಲ್ಲಿ ನೆಲಕ್ಕಂಟಿದ ಚಪ್ಪಟೆ ಚೀಲಗಳಿರುತ್ತವೆ. ಅವಕ್ಕೆ ಬೇಸ್ ಎನ್ನುತ್ತಾರೆ. ಹೊರಡುವ ಮೂಲೆಯಲ್ಲಿ ಮಾತ್ರ ರಬ್ಬರಿನ ಹಲಗೆ. ಅದು ಹೋಮ್ ಪ್ಲೇಟ್. ಸುತ್ತುವಾಗ ಒಂದನ್ನೂ ಬಿಡದೆ ಮುಟ್ಟಬೇಕು. ನಡುವೆ ಎದುರಿನವರು ಚೆಂಡು ಹಿಡಿದು ಮೈಗೆ ತಾಗಿಸಿದರೆ ಔಟ್; ಮೂವರು ಔಟಾದರೆ ಸರದಿ ಬದಲು, ಎರಡೂ ತಂಡದ ಸರದಿ ಮುಗಿದರೆ ಒಂದು ಇನಿಂಗ್ಸ್. ಇದು ಆಟ. ಉಳಿದದ್ದೆಲ್ಲ ನಿಯಮ. ನಿಯಮದ ಪುಸ್ತಕ ನೂರು ಪುಟಕ್ಕೆ ಕಡಿಮೆಯಿಲ್ಲ. ವಿರೂಪಾಕ್ಷಪ್ಪ ಮಾಸ್ತರರು ಅದನ್ನು ಬಹಳ ಗೌರವದಿಂದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಹುಳ ಹಿಡಿಯದಿರಲೆಂದು ಪಕ್ಕದಲ್ಲಿ ಎರಡು ಡಾಂಬರು ಗುಳಿಗೆಯನ್ನೂ ಇಟ್ಟಿದ್ದರು.

ತಾಲೂಕಿನಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ತಂಡ ಇರುವ ಶಾಲೆಗಳು ಎರಡೇ: ಮುದ್ದೇನಕೊಪ್ಪದ್ದು ಒಂದು, ಬೆಣ್ಣೂರಿನ ಕನ್ಯಾ ಪ್ರೌಢಶಾಲೆಯದು ಇನ್ನೊಂದು. ಹೀಗಾಗಿ ತಾಲೂಕು ಪಂದ್ಯಾವಳಿಯ ಉದ್ಘಾಟನಾ ಪಂದ್ಯವೇ ಅಂತಿಮ ಪಂದ್ಯವೂ ಆಗಿರುತ್ತದೆ. ಸೋತವರಿಗೆ ದ್ವಿತೀಯ ಸ್ಥಾನ ಖಾತ್ರಿ. ಮುದ್ದೇನಕೊಪ್ಪಕ್ಕೆ ಆರು ವರ್ಷದಿಂದ ಸತತವಾಗಿ ದ್ವಿತೀಯ ಸ್ಥಾನ ಬಂದಿತ್ತು. ಆರು ಫಲಕಗಳು ಹೆಡ್‌ಮಾಸ್ತರರ ಕೋಣೆಯಲ್ಲಿ ಸಾಲಾಗಿ ನಿಂತಿದ್ದವು. ಹೆಡ್‌ಮಾಸ್ತರರು ಆ ಸಾಲನ್ನು ನೋಡಿ ನೋಡಿ ಬೇಸತ್ತು ಈ ವರ್ಷ ಒಂದು ಮಾತು ಹೇಳಿದ್ದರು. ಗಣಿತದ ಪಾಠ ಹಿಂದೆ ಬಿದ್ದಿದೆ. ಬುಧವಾರದ ಕೊನೆಯ ಅವಧಿ ಆಟಕ್ಕಿದೆ. ಈ ಸಲ ತಾಲೂಕು ಗೆದ್ದು ಜಿಲ್ಲೆಗೆ ಹೋದರೆ ಆ ಅವಧಿ ಆಟದ್ದೇ. ಸೋತರೆ ಗಣಿತದ್ದು.

ಇದು ಸಣ್ಣ ಮಾತಲ್ಲ. ತಂಡದ ಹದಿನಾಲ್ಕು ಹುಡುಗಿಯರಲ್ಲಿ ಹನ್ನೊಂದು ಮಂದಿ ಸುತ್ತಲ ಹಳ್ಳಿಗಳವರು. ಶಾಲೆ ಬಿಟ್ಟ ಕಾಲು ಗಂಟೆಗೆ ಅವರ ಬಸ್ಸು. ಬೆಳಗಿನ ಬಸ್ಸು ಬರುವಾಗ ಪ್ರಾರ್ಥನೆ ಮುಗಿದಿರುತ್ತದೆ. ಬುಧವಾರದ ಆ ನಲವತ್ತು ನಿಮಿಷ ಹೋದರೆ ಅಭ್ಯಾಸಕ್ಕೆ ಬೇರೆ ಹೊತ್ತಿಲ್ಲ. ಅಭ್ಯಾಸ ಇಲ್ಲವಾದರೆ ತಂಡವೂ ಇಲ್ಲ. ಮಾಸ್ತರರಿಗೆ ಇದು ಗೊತ್ತಿತ್ತು. ಹುಡುಗಿಯರಿಗೂ ಗೊತ್ತಿತ್ತು. ಗಣಿತದ ಮಾಸ್ತರರಿಗಂತೂ ಚೆನ್ನಾಗಿ ಗೊತ್ತಿತ್ತು. ಅವರು ಆ ಅವಧಿಗೆಂದು ಸೀಮೆಸುಣ್ಣ ಬೇರೆ ತೆಗೆದಿಟ್ಟಿದ್ದರು.

ಪಂದ್ಯಕ್ಕೆ ಎಂಟು ದಿನ ಮುಂಚೆ ಹೊಸ ಬೇಸುಗಳು ಬಂದವು. ಅದುವರೆಗೆ ಬೇಸ್ ಎಂದರೆ ಹೊಟ್ಟು ತುಂಬಿದ ಗೋಣಿಚೀಲ. ಹುಡುಗಿಯರು ಅವುಗಳನ್ನು ನಿರ್ದಾಕ್ಷಿಣ್ಯವಾಗಿ ತುಳಿದಿದ್ದರು. ಒಂದನ್ನು ಯಾರದೋ ಆಡು ಅರ್ಧ ತಿಂದಿತ್ತು. ಮಾಸ್ತರರು ಮೂರು ವರ್ಷ ತಾಲೂಕು ಕಚೇರಿಗೆ ಅರ್ಜಿ ಬರೆದು, ನೆನಪೋಲೆ ಬರೆದು, ಖುದ್ದಾಗಿ ಹೋಗಿ ನಿಂತು, ಕೊನೆಗೆ ಬಿಳಿ ಕ್ಯಾನ್ವಾಸಿನ ಮೂರು ಬೇಸು, ಒಂದು ರಬ್ಬರ್ ಪ್ಲೇಟು ತರಿಸಿದ್ದರು. ಪೆಟ್ಟಿಗೆಯನ್ನು ಜವಾನನ ಕೈಗೆ ಕೊಡದೆ ತಾವೇ ಬಿಚ್ಚಿದರು. ಬೇಸನ್ನು ಮೂಸಿ ನೋಡಿದರು. ಪಂದ್ಯದ ದಿನದವರೆಗೆ ಅವು ಹೊರಗೆ ಬರಲಿಲ್ಲ. ಹುಡುಗಿಯರು ಕೊನೆಯ ಅಭ್ಯಾಸವನ್ನೂ ಗೋಣಿಚೀಲದ ಮೇಲೆಯೇ ಮಾಡಿದರು.

ಹೊಸ ಸಾಮಾನು ಬಂದ ಮೇಲೆ ಪೂಜೆ ಆಗಬೇಕು. ಗುರುವಾರ ಬೆಳಿಗ್ಗೆ ಪಂದ್ಯಕ್ಕೆ ಮುಂಚೆ ಅದೂ ಆಯಿತು. ಮಾಸ್ತರರು ಸ್ನಾನ ಮಾಡಿ ಬಂದವರು, ಒಂದೊಂದು ಬೇಸಿಗೂ ಪ್ಲೇಟಿಗೂ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಮೇಲೊಂದು ಚೆಂಡುಹೂ ಇಟ್ಟರು. ಪ್ಲೇಟಿನ ಪಕ್ಕದ ಕಲ್ಲಿಗೆ ಕಾಯಿ ಒಡೆದರು. ಊದಿನಕಡ್ಡಿಯ ಹೊಗೆ ಚೆಂಡು ಎಸೆಯುವ ಪಿಚರ್ ನಿಲ್ಲುವ ಜಾಗದವರೆಗೂ ಹೋಯಿತು. ಆಮೇಲೆ ಎರಡೂ ತಂಡದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಒಂದು ಸಣ್ಣ ಭಾಷಣ ಮಾಡಿದರು. ಅದರ ಸಾರಾಂಶ ಇಷ್ಟು: ಇವು ಬರೀ ಚೀಲಗಳಲ್ಲ, ಮೂರು ವರ್ಷದ ತಪಸ್ಸು. ಪೂಜೆಯಾದ ವಸ್ತುವನ್ನು ದನ ತುಳಿದ ಹಾಗೆ ತುಳಿಯಬಾರದು. ಆಟ ಇವತ್ತು ಇರುತ್ತದೆ, ನಾಳೆ ಹೋಗುತ್ತದೆ, ಸಂಸ್ಕಾರ ಉಳಿಯುತ್ತದೆ.

ಹುಡುಗಿಯರು ತಲೆಯಾಡಿಸಿದರು. ತುಳಿಯದೆ ಆಡುವುದು ಹೇಗೆಂದು ಯಾರೂ ಕೇಳಲಿಲ್ಲ. ಭಾಷಣದಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಅಂಪೈರ್ ಆಗಿ ತಾಲೂಕು ಕೇಂದ್ರದಿಂದ ಹುಸೇನಸಾಬ್ ಕಿತ್ತೂರ ಎಂಬವರು ಬಂದಿದ್ದರು. ನಿವೃತ್ತ ಕಂಡಕ್ಟರ್. ಮಿತಭಾಷಿ. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಎಲ್ಲರ ವಾದವನ್ನೂ ಕೇಳಿಸಿಕೊಂಡಿದ್ದರಿಂದ ಅವರ ಮುಖ ಯಾವ ವಾದಕ್ಕೂ ಬದಲಾಗುತ್ತಿರಲಿಲ್ಲ. ಅಂಗಿಯ ಕಿಸೆಯಲ್ಲಿ ನಿಯಮದ ಪುಸ್ತಕ, ಪ್ಯಾಂಟಿನ ಕಿಸೆಯಲ್ಲಿ ಪ್ಲೇಟು ಗುಡಿಸಲು ಒಂದು ಸಣ್ಣ ಬ್ರಷ್ಷು. ಪ್ಲೇಟು ಕಾಣುವ ಹಾಗಿರಬೇಕು, ಅದನ್ನು ಗುಡಿಸುವುದು ಅಂಪೈರನ ಕೆಲಸ. ಅವರು ನಾಲ್ಕೂ ಹೂವನ್ನು ಎರಡೂ ಕೈಯಿಂದ ಎತ್ತಿ ಕಲ್ಲಿನ ಮೇಲಿಟ್ಟು, ಮಾಸ್ತರರ ಕಡೆ ನೋಡಿದರು.

"ಒರಸ್ಲೇನ್ರಿ ಮಾಸ್ತರ?"

"ಪ್ಲೇಟ್ ಒರಸ್ಕೋರಿ, ರೂಲ್ ಐತಿ ಅಂತೀರಿ. ಉಳದ ಮೂರಕ್ಕ ಕೈ ಹಚ್ಚಬ್ಯಾಡ್ರಿ. ಪೂಜಿ ಆಗಿ ಇನ್ನೂ ಅರ್ಧ ತಾಸ ಆಗಿಲ್ಲ."

ಉಳಿದ ಮೂರನ್ನು ಒರೆಸಬೇಕೆಂದು ಪುಸ್ತಕದಲ್ಲಿ ಇರಲಿಲ್ಲ. ಹುಸೇನಸಾಬರು ಕೈ ಹಚ್ಚಲಿಲ್ಲ.

ಆಮೇಲೆ ಅವರು ಎರಡೂ ಶಾಲೆಯ ಶಿಕ್ಷಕರನ್ನೂ ನಾಯಕಿಯರನ್ನೂ ಪ್ಲೇಟಿನ ಹತ್ತಿರ ಕರೆದು, ಪಂದ್ಯಕ್ಕೆ ಮೊದಲು ಹೇಳಬೇಕಾದ ನಾಲ್ಕು ಮಾತು ಹೇಳಿದರು. ಅದರಲ್ಲಿ ಮೂರನೆಯದು ಹೀಗಿತ್ತು. ಓಡುವವಳು ಯಾವುದಾದರೂ ಬೇಸನ್ನು ಮುಟ್ಟದೆ ದಾಟಿದರೆ ಅಂಪೈರ್ ನೋಡಿರುತ್ತಾನೆ, ಆದರೆ ತಾನಾಗಿ ಬಾಯಿ ಬಿಡುವುದಿಲ್ಲ. ಎದುರಿನ ತಂಡದ ಆಟಗಾರ್ತಿ ಬಂದು ಅಂಪೈರನನ್ನೇ ಕೇಳಬೇಕು. ಯಾರು ಓಡಿದರು, ಯಾವ ಬೇಸ್ ಬಿಟ್ಟರು ಎಂದು ಹೇಳಿ ಕೇಳಬೇಕು. ಮುಂದಿನ ಚೆಂಡು ಎಸೆಯುವುದರೊಳಗೆ ಕೇಳಬೇಕು. ಕೇಳಿದರೆ ಓಡಿದವಳು ಔಟ್. ಕೇಳದಿದ್ದರೆ, ಬಿಟ್ಟ ಬೇಸನ್ನೂ ಮುಟ್ಟಿದಂತೆಯೇ.

ಈ ಹೊತ್ತಿಗೆ ವಿರೂಪಾಕ್ಷಪ್ಪ ಮಾಸ್ತರರು ಅತಿಥಿಗಳ ಕುರ್ಚಿಗೆ ಹೊದಿಸಿದ ಟವೆಲ್ಲು ಜಾರುತ್ತಿದೆಯೇ ಎಂದು ಆ ಕಡೆ ನೋಡುತ್ತಿದ್ದರು. ಹ್ಞೂಂ, ಗೊತ್ತೈತ್ರಿ, ಹತ್ತೊಂಬತ್ತ ವರ್ಷ ಆತು ಎಂದರು. ಅವರ ತಂಡದ ನಾಯಕಿ ಶಾಂಭವಿ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದಳು. ಆದರೆ ಆಕೆ ಮೂರು ವರ್ಷದಿಂದ ಈ ಶಾಲೆಯ ಅಂಗಳದಲ್ಲಿ ಕಲಿತ ಮೊದಲ ಪಾಠ, ಹೇಳುವುದೇನಿದ್ದರೂ ಮೊದಲು ಮಾಸ್ತರರಿಗೆ ಹೇಳಬೇಕು ಎಂಬುದು.

ಬೆಣ್ಣೂರಿನ ಶಿಕ್ಷಕಿ ದಾಕ್ಷಾಯಣಿ ಅಂಗಡಿ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡರು. ಅವರು ನಿಜವಾಗಿ ಹಿಂದಿ ಕಲಿಸುವವರು. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದ್ದುದರಿಂದ ತಂಡ ಅವರ ಕೊರಳಿಗೆ ಬಿದ್ದಿತ್ತು. ಆಟ ಗೊತ್ತಿಲ್ಲದ ಕಾರಣಕ್ಕೆ ಅವರು ಪುಸ್ತಕ ಓದಬೇಕಾಯಿತು. ಆಟ ಗೊತ್ತಿದ್ದವರಿಗೆ ಈ ತೊಂದರೆ ಇರುವುದಿಲ್ಲ. ವಿಭೂತಿಯ ಬೇಸುಗಳನ್ನು ನೋಡಿ ಅವರು ತಮ್ಮ ಹುಡುಗಿಯರಿಗೆ ಮೆಲ್ಲಗೆ ಹೇಳಿದ್ದು ಒಂದೇ ಮಾತು: ನಡುವೆ ತುಳಿಯಬೇಡಿ, ಅಂಚು ತುಳಿಯಿರಿ, ಆದರೆ ತುಳಿಯಿರಿ.

ಪಂದ್ಯ ಶುರುವಾಯಿತು. ಮುದ್ದೇನಕೊಪ್ಪದ ಹುಡುಗಿಯರು ಮಾಸ್ತರರ ಮಾತನ್ನು ಅಕ್ಷರಶಃ ಪಾಲಿಸಿದರು. ಶಾಂಭವಿ ಮೊದಲ ಬೇಸಿನ ತನಕ ಓಡಿಹೋಗಿ, ಗಕ್ಕನೆ ನಿಂತು, ಬಗ್ಗಿ, ಬಲಗೈಯಿಂದ ಬೇಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ದಾಕ್ಷಾಯಣಿಯವರು ಅಂಪೈರನ ಬಳಿ ಹೋಗಿ, ಕೈಯಿಂದ ಮುಟ್ಟಿದರೆ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ, ದೇಹದ ಯಾವ ಭಾಗ ತಾಗಿದರೂ ಮುಟ್ಟಿದ ಹಾಗೆಯೇ ಎಂದು ಉತ್ತರ ಬಂತು. ಅವರು ಥ್ಯಾಂಕ್ಸ್ ಹೇಳಿ ಬಂದು ಕೂತರು. ಇಡೀ ಪಂದ್ಯದಲ್ಲಿ ಅವರು ಎದ್ದದ್ದು ಅದೊಂದೇ ಸಲ.

ಕೈಯಿಂದ ಮುಟ್ಟುವುದು ನಿಯಮಕ್ಕೆ ಒಪ್ಪಿಗೆಯಾದರೂ ಹೊತ್ತು ಹಿಡಿಯುತ್ತದೆ. ಎರಡನೇ ಇನಿಂಗ್ಸಿನಲ್ಲಿ ಮಲ್ಲವ್ವ ಎಂಬ ಹುಡುಗಿ ಎರಡನೇ ಬೇಸಿಗೆ ಬಗ್ಗುವಷ್ಟರಲ್ಲಿ ಬೆಣ್ಣೂರಿನವಳೊಬ್ಬಳು ಚೆಂಡು ಹಿಡಿದು ಆಕೆಯ ಬೆನ್ನಿಗೆ ತಾಗಿಸಿದಳು. ಔಟ್. ಮಾಸ್ತರರು ಬೌಂಡರಿಯ ಗೆರೆಯಿಂದಲೇ ಕೂಗಿದರು. ನಮಸ್ಕಾರ ಮಾಡುವ ಹುಡುಗಿಯನ್ನು ಔಟ್ ಕೊಡುವುದು ಯಾವ ಊರಿನ ಪದ್ಧತಿ, ಮುಗಿಯುವ ತನಕ ತಡೆಯಬಾರದಿತ್ತೇ ಎಂಬುದು ಅವರ ತಕರಾರು. ನಮಸ್ಕಾರಕ್ಕೆ ಪುಸ್ತಕದಲ್ಲಿ ಸಮಯ ಕೊಟ್ಟಿಲ್ಲ ಎಂದು ಹುಸೇನಸಾಬರು ತಿಳಿಸಿದರು.

ಮೂರನೇ ಇನಿಂಗ್ಸಿನಲ್ಲಿ ಇನ್ನೊಂದು ನಡೆಯಿತು. ಮುದ್ದೇನಕೊಪ್ಪದ ಇಬ್ಬರು ಹುಡುಗಿಯರು ಒಂದನೇ ಮತ್ತು ಎರಡನೇ ಬೇಸಿನಲ್ಲಿ ನಿಂತಿದ್ದರು. ಔಟಾದವರು ಒಬ್ಬರೇ. ಬ್ಯಾಟು ಹಿಡಿದವಳು ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಕಳಿಸಿದಳು. ಚೆಂಡು ಇನ್ನೂ ಮೇಲಿರುವಾಗಲೇ ಅಂಪೈರ್ ಕೈಯೆತ್ತಿ, ಹೊಡೆದವಳು ಔಟ್ ಎಂದರು. ಚೆಂಡು ಕೆಳಗೆ ಬಂತು; ಬೆಣ್ಣೂರಿನ ಹುಡುಗಿಯ ಕೈಗೆ ಬಂದು ಜಾರಿ ನೆಲಕ್ಕೂ ಬಿತ್ತು. ಮಾಸ್ತರರು ಈ ಸಲ ಗೆರೆಯೊಳಗೇ ಬಂದುಬಿಟ್ಟರು.

"ಚೆಂಡ ಇನ್ನೂ ಮ್ಯಾಲಿತ್ತು. ಕೆಳಗ ಬಂದಮ್ಯಾಲರೆ ಯಾರರ ಹಿಡದ್ರೇನು? ಇಲ್ಲ. ಔಟ್ ಹ್ಯಾಂಗಾತ್ರಿ? ನೀವು ಅಂಪೈರೋ, ಜ್ಯೋತಿಷಿಯೋ?"

ಹುಸೇನಸಾಬರು ಚೆಂಡು ತಾಗದಿರಲೆಂದು ಹಾಕಿದ್ದ ಮುಖವಾಡವನ್ನು ಹಣೆಗೇರಿಸಿ ವಿವರಿಸಿದರು. ಸುಲಭದ ಕ್ಯಾಚನ್ನು ಬೇಕೆಂದೇ ಕೈಬಿಟ್ಟು, ಹಿಡಿಯುತ್ತಾರೆಂದು ನಂಬಿ ಬೇಸಿನಲ್ಲೇ ನಿಂತ ಹುಡುಗಿಯರಿಬ್ಬರನ್ನೂ ಒಟ್ಟಿಗೆ ಔಟ್ ಮಾಡುವ ಮೋಸ ನಡೆಯಬಾರದೆಂದು ಈ ನಿಯಮ. ಒಬ್ಬಳು ಹೋಗುತ್ತಾಳೆ, ಇಬ್ಬರು ಉಳಿಯುತ್ತಾರೆ. ನಿಮ್ಮವರೇ ಇಬ್ಬರು ಉಳಿದಿದ್ದಾರೆ, ನೋಡಿ ಎಂದು ಕೈ ತೋರಿಸಿದರು. ಮಾಸ್ತರರು ಕೈ ತೋರಿಸಿದ ಕಡೆ ನೋಡಲಿಲ್ಲ. ಹೋದವಳ ಕಡೆಯೇ ನೋಡುತ್ತ, ಮೇಲಿರುವ ಚೆಂಡಿಗೆ ಕೆಳಗಿರುವವರು ತೀರ್ಪು ಕೊಡುವ ಕಾಲ ಬಂತು ಎಂದು ಅತಿಥಿಗಳಿಗೆ ಕೇಳುವಂತೆ ಹೇಳಿದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಅವರಿಗೆ ಯಾವಾಗ ಚಪ್ಪಾಳೆ ತಟ್ಟಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗೆ ಆರು ಇನಿಂಗ್ಸ್ ಮುಗಿಯಿತು. ಮಾಸ್ತರರು ಆಕ್ಷೇಪಿಸದ ತೀರ್ಪು ಉಳಿದಿರಲಿಲ್ಲ. ಆದರೂ ಹುಡುಗಿಯರು, ಬಗ್ಗಿ ಏಳುತ್ತಲೇ, ಆರು ರನ್ ಕೂಡಿಸಿದ್ದರು. ಬೆಣ್ಣೂರಿನದೂ ಆರು. ಆರು ವರ್ಷದಲ್ಲಿ ಮುದ್ದೇನಕೊಪ್ಪ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಗಣಿತದ ಮಾಸ್ತರರು ಕಿಟಕಿಗೆ ಬಂದು ನಿಂತರು.

ಏಳನೆಯದು ಕೊನೆಯ ಇನಿಂಗ್ಸ್. ಬೆಣ್ಣೂರಿನವರು ಮೊದಲು ಬ್ಯಾಟ್ ಹಿಡಿದರು. ಇಬ್ಬರು ಔಟಾದರು. ಇನ್ನೊಬ್ಬಳು ಔಟಾದರೆ ಅವರ ಆಟ ಮುಗಿಯಿತು. ಕಸ್ತೂರಿ ಎಂಬ ಹುಡುಗಿ ಮೊದಲ ಬೇಸಿನಲ್ಲಿದ್ದಳು. ಆಕೆಯ ಗೆಳತಿ ಹೊಡೆದ ಚೆಂಡು ಎಲ್ಲರ ತಲೆ ಮೇಲಿಂದ ಹಾರಿ, ಬಿಸಿಯೂಟದ ಕೋಣೆಯ ಗೋಡೆಗೆ ಬಡಿಯಿತು.

ಕಸ್ತೂರಿ ಓಡಿದಳು. ಎರಡನೇ ಬೇಸಿನ ಅಂಚನ್ನು ದಾಕ್ಷಾಯಣಿ ಅಕ್ಕೋರು ಹೇಳಿದಂತೆ ಸರಿಯಾಗಿ ತುಳಿದಳು. ತಿರುಗಿದಳು. ಮೂರನೇ ಬೇಸಿಗೆ ಅದುವರೆಗೆ ಬಂದವರೆಲ್ಲ ಅಂಚನ್ನಷ್ಟೇ ಮುಟ್ಟಿ ಹೋಗಿದ್ದರಿಂದ ಅಲ್ಲಿನ ವಿಭೂತಿ ಇನ್ನೂ ಹಸನಾಗಿಯೇ ಇತ್ತು. ಮೂರು ಬೂದಿಬಣ್ಣದ ಗೆರೆ, ನಡುವೆ ಕೆಂಪು. ಓಡಿ ಬರುವವಳ ಕಡೆಗೇ ಮುಖ ಮಾಡಿ ಕೂತ ದೇವರ ಹಾಗೆ ಕಂಡಿತು. ಅಂಚು ಹುಡುಕಲು ಹೊತ್ತಿರಲಿಲ್ಲ. ಮನೆಯ ಹೊಸ್ತಿಲನ್ನು ತುಳಿಯದೆ ದಾಟಿ ದಾಟಿ ರೂಢಿಯಾದ ಕಾಲು, ಯಾರ ಅಪ್ಪಣೆಗೂ ಕಾಯಲಿಲ್ಲ. ಹೊಸ್ತಿಲು ದಾಟಿದಂತೆಯೇ ದಾಟಿತು. ನಾಲ್ಕು ಬೆರಳು ಮೇಲಿನಿಂದ.

ವಿರೂಪಾಕ್ಷಪ್ಪ ಮಾಸ್ತರರು ಮೂರನೇ ಬೇಸಿನಿಂದ ಎಂಟು ಹೆಜ್ಜೆ ದೂರದಲ್ಲಿ ನಿಂತಿದ್ದರು. ಅವರು ಅದನ್ನು ಸ್ಪಷ್ಟವಾಗಿ ನೋಡಿದರು. ಬೆಳಗಿನಿಂದ ಅವರ ಮನಸ್ಸಿಗೆ ಹಿತವಾದದ್ದು ಅದೊಂದೇ ದೃಶ್ಯ. ತಮ್ಮ ಭಾಷಣ ಎದುರಿನ ಊರಿನ ಹುಡುಗಿಗೂ ತಟ್ಟಿದೆ. ಪಕ್ಕದಲ್ಲಿದ್ದ ಜವಾನನಿಗೆ, ನೋಡೋ, ಇದಕ್ಕ ಸಂಸ್ಕಾರ ಅಂತಾರ ಎಂದರು. ಜವಾನ ಹೌದ್ರಿ ಎಂದ.

ಅಷ್ಟರಲ್ಲಿ ಚೆಂಡು ಗೋಡೆಯಿಂದ ಮರಳಿ ಹೋಮ್ ಪ್ಲೇಟಿಗೆ ಬಂತು. ಪ್ಲೇಟಿನ ಹಿಂದಿದ್ದ ಮುದ್ದೇನಕೊಪ್ಪದ ಕ್ಯಾಚರ್ ಅದನ್ನು ಹಿಡಿದು ಕಸ್ತೂರಿಯ ಮೊಣಕಾಲಿಗೆ ತಾಗಿಸಲು ಬಾಗಿದಳು. ಕಸ್ತೂರಿ ಜಾರಿದಳು. ಧೂಳೆದ್ದಿತು. ಧೂಳಿನೊಳಗಿಂದ ಹುಸೇನಸಾಬರ ಎರಡು ಕೈಗಳು ಅಗಲವಾಗಿ ಚಾಚಿದವು: ಸೇಫ್. ಬೆಣ್ಣೂರು ಏಳು, ಮುದ್ದೇನಕೊಪ್ಪ ಆರು.

ಸಂಸ್ಕಾರದ ವಿಷಯ ಅಲ್ಲಿಗೇ ಬಿಟ್ಟು ಮಾಸ್ತರರು ಪ್ಲೇಟಿನ ಕಡೆ ಓಡಿದರು. ಕ್ಯಾಚರ್ ಮೊದಲೇ ತಾಗಿಸಿದ್ದಾಳೆ, ಧೂಳಿನಲ್ಲಿ ನಿಮಗೆ ಕಂಡಿಲ್ಲ, ಕಂಡರೂ ನೋಡಿಲ್ಲ ಎಂದರು. ತಮ್ಮ ಹತ್ತೊಂಬತ್ತು ವರ್ಷವನ್ನು ನೆನಪಿಸಿದರು. ಹುಸೇನಸಾಬರ ಕನ್ನಡಕದ ನಂಬರನ್ನು ವಿಚಾರಿಸಿದರು. ಬಸ್ಸಿನಲ್ಲಿ ಟಿಕೆಟ್ ಹರಿಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿಸಿದರು. ಬೆಣ್ಣೂರಿನಿಂದ ಬೆಳಿಗ್ಗೆ ಯಾರಾದರೂ ಚಹಾ ಕುಡಿಸಿದರೇನು ಎಂದೂ ಕೇಳಿದರು. ಇದೆಲ್ಲ ಏಳು ನಿಮಿಷ ನಡೆಯಿತು. ಹುಸೇನಸಾಬರು ಟೈಮ್ ಎಂದು ಆಟ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಕಣ್ಣಿಗೆ ಕಂಡದ್ದು ಹೇಳಿದ್ದೇನೆ, ಅದು ಬದಲಾಗುವುದಿಲ್ಲ ಎಂದರು. ಕೊನೆಗೆ, ಅಂಪೈರುಗಳು ಸಾಮಾನ್ಯವಾಗಿ ಕೇಳದ ಒಂದು ಮಾತು ಕೇಳಿದರು.

"ಮಾಸ್ತರ, ಮತ್ತೇನರ ಕೇಳೋದೈತೇನ್ರಿ?"

"ಮತ್ತೇನ ಕೇಳೋದು? ಇದನ್ನ ಮೊದಲ ಬಗಿಹರಸ್ರಿ."

ಮೂರನೇ ಬೇಸಿನ ಕಾವಲಿಗಿದ್ದವಳು ಶಾಂಭವಿ. ಆಕೆ ಅಲ್ಲಿಂದ ಬಂದು ಮಾಸ್ತರರ ಬೆನ್ನ ಹಿಂದೆ ಬಹಳ ಹೊತ್ತು ನಿಂತಿದ್ದಳು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಹೇಳಿದಳು.

"ಸರ, ಆಕಿ ಮೂರನೇ ಬೇಸ್ ಮುಟ್ಟಲಿಲ್ರಿ. ಮ್ಯಾಲಿಂದ ಜಿಗದ್ಲು."

"ಜಿಗೀಬೇಕಂತ ನಾನ ಹೇಳೇನಲ್ಲ. ಆಕಿ ಮಾತ ಕೇಳಿದ್ಲು. ನೀವು ಕಲೀರಿ. ದೊಡ್ಡವರು ಮಾತಾಡೂಮುಂದ ನಡುವ ಬಾಯಿ ಹಾಕಬ್ಯಾಡ, ನಡಿ ಜಾಗಕ್ಕ."

ಹುಸೇನಸಾಬರು ಎರಡು ಹೆಜ್ಜೆ ಆಚೆ ನಿಂತಿದ್ದರು. ಆ ಮಾತು ಅವರಿಗೆ ಕೇಳಿಸಿತ್ತು. ಆದರೆ ಅದನ್ನು ಹೇಳಿದ್ದು ಅವರಿಗಲ್ಲ. ಅವರು ಕಿಸೆಯಿಂದ ಬ್ರಷ್ಷು ತೆಗೆದು, ಬಗ್ಗಿ, ಪ್ಲೇಟನ್ನು ಗುಡಿಸಿದರು. ಅಲ್ಲಿ ಧೂಳು ಹೆಚ್ಚಿರಲಿಲ್ಲ. ಆದರೂ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಮತ್ತೆ ಅಲ್ಲಿಂದ ಇಲ್ಲಿಗೆ, ಇಡೀ ಪಂದ್ಯದಲ್ಲಿ ಗುಡಿಸದಷ್ಟು ಹೊತ್ತು ಗುಡಿಸಿದರು. ಗುಡಿಸುತ್ತ ಒಮ್ಮೆ ಶಾಂಭವಿಯ ಕಡೆ ನೋಡಿದರು. ಶಾಂಭವಿ ಮಾಸ್ತರರ ಕಡೆ ನೋಡಿದಳು. ಮಾಸ್ತರರು ಅತಿಥಿಗಳ ಕಡೆ ನೋಡಿದರು. ಬೆಣ್ಣೂರಿನ ಬೆಂಚಿನಲ್ಲಿ ದಾಕ್ಷಾಯಣಿಯವರು ಚೀಟಿಯ ಮೇಲೆ ಕಣ್ಣಿಟ್ಟು ಕೂತಿದ್ದರು. ಪಕ್ಕಕ್ಕೆ ಬಂದು ಏನೋ ಹೇಳಹೊರಟ ಕಸ್ತೂರಿಗೆ ನೀರು ಕುಡಿ ಎಂದು ಬಾಟಲಿ ಕೊಟ್ಟರು. ತನ್ನ ಕಡೆಯ ತಪ್ಪನ್ನು ತಾನೇ ಒಪ್ಪಿಸಬೇಕೆಂದು ಪುಸ್ತಕದಲ್ಲಿ ಇಲ್ಲ. ಪುಸ್ತಕದ ಹೊರಗೆ ಏನಿದೆ ಎಂಬುದು ಈ ಕಥೆಯ ವಿಷಯವಲ್ಲ.

ಶಾಂಭವಿ ತನ್ನ ಜಾಗಕ್ಕೆ ನಡೆದಳು. ಹುಸೇನಸಾಬರು ಬ್ರಷ್ಷನ್ನು ಕಿಸೆಗಿಟ್ಟು, ಮುಖವಾಡ ಇಳಿಸಿ, ಪ್ಲೇ ಎಂದರು. ಪಿಚರ್ ಮುಂದಿನ ಚೆಂಡು ಎಸೆದಳು. ಅಲ್ಲಿಗೆ ಕಸ್ತೂರಿ ಮೂರನೇ ಬೇಸನ್ನು ಮುಟ್ಟಿದಂತಾಯಿತು.

ಆ ಚೆಂಡಿಗೇ ಬೆಣ್ಣೂರಿನ ಮೂರನೇ ಔಟ್ ಬಿತ್ತು. ಮುದ್ದೇನಕೊಪ್ಪದವರು ಕೊನೆಯ ಸಲ ಬ್ಯಾಟ್ ಹಿಡಿದರು. ಮೊದಲನೆಯವಳು ಔಟ್. ಎರಡನೆಯವಳು ಔಟ್. ಶಾಂಭವಿ ಜೋರಾಗಿ ಹೊಡೆದಳು. ಚೆಂಡು ನೇರವಾಗಿ ಬೆಣ್ಣೂರಿನ ಪಿಚರಳ ಕೈಗೆ ಹೋಯಿತು. ಪಂದ್ಯ ಮುಗಿಯಿತು. ಕಿಟಕಿಯಲ್ಲಿ ಗಣಿತದ ಮಾಸ್ತರರು ಕಾಣಲಿಲ್ಲ.

ವಿರೂಪಾಕ್ಷಪ್ಪ ಮಾಸ್ತರರು ಅಲ್ಲೇ ಕೂತು ಎರಡು ಪುಟದ ತಕರಾರು ಅರ್ಜಿ ಬರೆದರು. ಅದರಲ್ಲಿ ಹನ್ನೊಂದು ಅಂಶಗಳಿದ್ದವು: ನಮಸ್ಕಾರ, ಆಕಾಶದ ಚೆಂಡು, ಧೂಳು, ಕನ್ನಡಕ, ಇತ್ಯಾದಿ. ಶಾಮಿಯಾನದ ಕೆಳಗೆ ಕೂತಿದ್ದ ಮೂವರ ಸಮಿತಿ ಅದನ್ನು ಓದಿತು. ಹತ್ತು ಅಂಶಗಳು ಅಂಪೈರನ ಕಣ್ಣಿಗೆ ಕಂಡದ್ದಕ್ಕೆ ಸಂಬಂಧಿಸಿದವು. ಅವುಗಳ ಮೇಲೆ ತಕರಾರು ನಡೆಯುವುದಿಲ್ಲ. ಆಕಾಶದ ಚೆಂಡಿನ ತೀರ್ಪು ನಿಯಮದ ಪ್ರಕಾರವೇ ಇತ್ತು. ಅರ್ಜಿ ವಜಾ ಆಯಿತು. ಮೂರನೇ ಬೇಸಿನ ಮಾತು ಹನ್ನೊಂದರಲ್ಲಿ ಎಲ್ಲಿಯೂ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಹುಸೇನಸಾಬರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಿದ್ದರು. ವಿರೂಪಾಕ್ಷಪ್ಪ ಮಾಸ್ತರರು ಎರಡು ಕಪ್ ಚಹಾ ಹಿಡಿದು ಬಂದರು. ಒಂದನ್ನು ಅವರ ಕೈಗಿತ್ತು ಪಕ್ಕದಲ್ಲಿ ಕೂತರು. ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. ಆದದ್ದು ಆಯಿತು, ಈಗ ಯಾರೂ ಇಲ್ಲ, ಇವತ್ತಿನ ಆಟದಲ್ಲಿ ನಮಗೆ ಸಿಗಬೇಕಾದದ್ದು ಒಂದಾದರೂ ತಪ್ಪಿಹೋಯಿತೇ, ಖರೆ ಹೇಳಿರಿ ಎಂದು ಕೇಳಿದರು. ಗಂಟಲು ಕಟ್ಟಿ, ಅವರು ಅಂದು ಮೆಲ್ಲಗೆ ಕೇಳಿದ ಮೊದಲ ಪ್ರಶ್ನೆ ಅದು.

"ಒಂದ ಇತ್ರಿ," ಎಂದರು ಹುಸೇನಸಾಬರು. "ಆ ಕೊನೇ ರನ್. ಹುಡುಗಿ ಮೂರನೇ ಬೇಸ್ ಮುಟ್ಟಲಿಲ್ಲ. ನಾ ನೋಡೀನಿ. ನಿಮ್ಮ ಹುಡುಗಿ ಬಂದು ನನಗ ಹೇಳಿದ್ರ ಆಕಿ ಔಟ್, ರನ್ನೂ ಇಲ್ಲ. ಆರಕ್ಕ ಆರು. ಇನ್ನೂ ನಿಮ್ಮ ಬ್ಯಾಟಿಂಗ್ ಬಾಕಿ."

ಮಾಸ್ತರರು ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟರು. "ನಾನೂ ನೋಡೀನಿ," ಎಂದರು. "ಮತ್ತ ನೀವ್ಯಾಕ ಹೇಳ್ಲಿಲ್ಲ?"

"ನಾ ಹೇಳಿದ್ರ ನಿಮ್ಮ ಕಡೆ ಹತ್ತ ಮಂದಿ ಆಡಿದಂಗ ಆಗ್ತದ್ರಿ. ರೂಲ್ ಪ್ರಕಾರ ಒಂಬತ್ತ."

"ನಾ ಏಳ ನಿಮಿಷ ಕೇಳಿದ್ನಲ್ಲಪಾ."

"ನೀವು ಏಳ ನಿಮಿಷ ಹೇಳಿದ್ರಿ. ಕೇಳಿದ್ದು ಆ ಹುಡುಗಿ ಒಬ್ಬಾಕಿ. ಯಾರು ಓಡಿದ್ರು, ಯಾವ ಬೇಸ್, ಎಲ್ಲಾ ಬರೋಬರಿ ಹೇಳಿದ್ಲು. ನಿಮಗ ಹೇಳಿದ್ಲು."

ಬಸ್ಸು ಬಂತು. ಹುಸೇನಸಾಬರು ಚಹಾಕ್ಕೆ ಥ್ಯಾಂಕ್ಸ್ ಹೇಳಿ, ಹಳೆಯ ರೂಢಿಯಂತೆ ಎಲ್ಲರೂ ಹತ್ತಿದ ಮೇಲೆ ಕೊನೆಗೆ ಹತ್ತಿದರು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮಾಸ್ತರರು ಶಾಂಭವಿಯನ್ನು ಕರೆದು, ನೀ ಹೇಳಿದ್ದು ಖರೆ ಇತ್ತು ಎಂದರು. ಶಿಕ್ಷಕರು ಹಾಗೆ ಹೇಳುವುದು ಆ ಶಾಲೆಯಲ್ಲಿ ಅಪರೂಪ. ಶಾಂಭವಿ ಕೇಳಿದಳು.

"ಈಗ ಹೋಗಿ ಕೇಳಿದ್ರ ನಡೀತೈತೇನ್ರಿ ಸರ?"

"ಇಲ್ಲ. ಮುಂದಿನ ಚೆಂಡು ಎಸದ ಮ್ಯಾಲ ನಡೆಯೂದಿಲ್ಲ."

"ಹೌದ್ರಿ, ನಿನ್ನಿ ಅಂಪೈರ್ ಸರೂ ಹೇಳಿದ್ರು," ಎಂದು ಆಕೆ ತರಗತಿಗೆ ಹೋದಳು.

ಈ ಕಥೆಯಿಂದ ತಿಳಿಯತಕ್ಕ ನೀತಿ:

ಬಲ್ಲವನು ಸುಮ್ಮನಿದ್ದರೆ ಎಲ್ಲವೂ ಸರಿಯಾಗಿದೆ ಎಂದಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿರಬಹುದು. ನ್ಯಾಯ ಬೇಕಾದವರು ಮೊದಲು ನಿಯಮ ಓದಬೇಕು. ಆಮೇಲೆ ತಕ್ಕ ಹೊತ್ತಿಗೆ, ತಕ್ಕವರನ್ನು, ಒಂದೇ ಒಂದು ಪ್ರಶ್ನೆ ಕೇಳಬೇಕು. ನೂರು ಸಲ ಕೂಗಿದವನಿಗೆ ಆ ಒಂದು ಪ್ರಶ್ನೆಗೆ ಬಿಡುವು ಸಿಗುವುದಿಲ್ಲ. ತನ್ನವರು ಕೇಳಹೊರಟರೂ ಅವರ ಬಾಯಿ ಮುಚ್ಚಿಸಿಬಿಡುತ್ತಾನೆ.

ಬೆಣ್ಣೂರಿನ ತಂಡ ಜಿಲ್ಲಾ ಮಟ್ಟದ ಮೊದಲ ಪಂದ್ಯದಲ್ಲಿ ಹದಿನಾಲ್ಕು–ಒಂದರಿಂದ ಸೋತಿತು. ಮುದ್ದೇನಕೊಪ್ಪದಲ್ಲಿ ಬುಧವಾರದ ಕೊನೆಯ ಅವಧಿಯಲ್ಲಿ ಈಗ ಗಣಿತ ನಡೆಯುತ್ತಿದೆ.